ಬೆರಳಚ್ಚು ಆದ ಎಷ್ಟು ದಿನಕ್ಕೆ ಗ್ರೀನ್ ಕಾರ್ಡ್? ಲೆಕ್ಕ ತಪ್ಪುವುದು ಎಲ್ಲಿ

‘ಬೆರಳಚ್ಚು ಆಯ್ತಂತೆ, ಇನ್ನು ಮೂರು ತಿಂಗಳಿಗೆ ಕಾರ್ಡ್ ಕೈಗೆ ಬರುತ್ತೆ.’ ಮಲ್ಲೇಶ್ವರದಿಂದ ಜೆ.ಪಿ. ನಗರದವರೆಗೆ, ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳಿದವರೇನೂ ಸುಳ್ಳು ಹೇಳಿರುವುದಿಲ್ಲ, ಅವರ ಅಳಿಯನಿಗೆ ಹಾಗೇ ಆಗಿರುತ್ತದೆ. ಆದರೆ ಆ ಅಳಿಯನ ಪರವಾಗಿ ಅರ್ಜಿ ಹಾಕಿದ್ದು ಅಮೆರಿಕದ ಪ್ರಜೆಯಾಗಿದ್ದ ಹೆಂಡತಿ. ನಿಮ್ಮ ಮಗನದು ಕಂಪನಿ ಹಾಕಿದ ಇಬಿ-2, ಅಂದರೆ ಉದ್ಯೋಗದ ಎರಡನೇ ವರ್ಗದ ಅರ್ಜಿ. ಈ ಒಂದು ವ್ಯತ್ಯಾಸ ಮಾತ್ರ ಆ ಮಾತಿನ ಜೊತೆ ಮನೆಗೆ ಬರುವುದಿಲ್ಲ.

ಮೊದಲು ಬೆರಳಚ್ಚಿಗೆ ಕರೆಯುವ ನೋಟಿಸ್ ಏನು ಅಂತ ನೋಡೋಣ. ಅಮೆರಿಕದೊಳಗಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಹಾಕುವ ಐ-485 ಅರ್ಜಿ ಸೇರಿ ರಸೀದಿ ಬಂದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಐ-797ಸಿ ಎಂಬ ಹಾಳೆ ಬರುತ್ತದೆ. ಹತ್ತಿರದ ಅಪ್ಲಿಕೇಶನ್ ಸಪೋರ್ಟ್ ಸೆಂಟರ್, ಅಂದರೆ ಎಎಸ್‌ಸಿಯ ವಿಳಾಸ, ಹೋಗಬೇಕಾದ ದಿನ, ಗಂಟೆ ಎಲ್ಲ ಅದರಲ್ಲಿ ಇರುತ್ತದೆ. ಜೊತೆಗೆ ‘ಕೋಡ್’ ಅಂತ ಒಂದು ಚಿಕ್ಕ ಜಾಗದಲ್ಲಿ ಒಂದು ಅಂಕಿ. ತಾರೀಖನ್ನು ಎಲ್ಲರೂ ನೋಡುತ್ತಾರೆ, ಈ ಅಂಕಿಯನ್ನು ನೋಡುವವರು ಕಡಿಮೆ. ಅಲ್ಲಿ 1 ಇದ್ದರೆ ಹತ್ತು ಬೆರಳಿನ ಅಚ್ಚು ಮಾತ್ರ, ಎಫ್‌ಬಿಐ ತಪಾಸಣೆಗೆ. 2 ಇದ್ದರೆ ಫೋಟೊ, ಸಹಿ ಮತ್ತು ತೋರುಬೆರಳಿನ ಒಂದು ಅಚ್ಚು. ಇದು ಕಾರ್ಡ್ ಮುದ್ರಿಸುವುದಕ್ಕೆ. 3 ಅಂದರೆ ಎರಡೂ. 14 ತುಂಬದ ಮಕ್ಕಳಿಗೆ ಸಾಮಾನ್ಯವಾಗಿ 2 ಬರುತ್ತದೆ, ದೊಡ್ಡವರಿಗೆ 3. ಮಗುವಿನ ನೋಟಿಸ್‌ನಲ್ಲಿ ಬೇರೆ ಅಂಕಿ ಇದೆ ಅಂತ ಗಾಬರಿಪಡಬೇಕಾಗಿಲ್ಲ.

ಎಎಸ್‌ಸಿಯೊಳಗೆ ಕೆಲಸ ಬೇಗ ಮುಗಿಯುತ್ತದೆ. ಅಚ್ಚು ತೆಗೆಯುವವರು ಗುತ್ತಿಗೆ ಸಿಬ್ಬಂದಿ. ಕಡತ ಅವರ ಬಳಿ ಇರುವುದಿಲ್ಲ, ನಿರ್ಧಾರದಲ್ಲಿ ಅವರ ಪಾತ್ರವೂ ಇಲ್ಲ, ಆದ್ದರಿಂದ ‘ಎಷ್ಟು ದಿನ ಆಗಬಹುದು’ ಅಂತ ಅವರನ್ನು ಕೇಳಿ ಪ್ರಯೋಜನವಿಲ್ಲ. ಕೊನೆಯಲ್ಲಿ ನೋಟಿಸ್ ಮೇಲೆ ಒಂದು ಮೊಹರು ಒತ್ತಿ, ದಿನಾಂಕ ಬರೆದು ಕೊಡುತ್ತಾರೆ. ಆ ಹಾಳೆಯನ್ನು ಕಳೆದುಕೊಳ್ಳಬಾರದು. ಹಾಜರಾಗಲೇ ಇಲ್ಲ ಅಂತ ಮುಂದೆ ಎಂದಾದರೂ ತಕರಾರು ಬಂದರೆ ಕೈಯಲ್ಲಿರುವ ಪುರಾವೆ ಅದೊಂದೇ.

ಹತ್ತು ಬೆರಳಿನ ಅಚ್ಚು ಎಫ್‌ಬಿಐಗೆ ಹೋದರೆ ಉತ್ತರ ಬರಲು ಸಾಮಾನ್ಯವಾಗಿ 24ರಿಂದ 48 ಗಂಟೆ ಸಾಕು. ಅಂದರೆ ಬೆರಳಚ್ಚಿನ ಕೆಲಸ ಅದೇ ವಾರ ಮುಗಿದುಹೋಗಿರುತ್ತದೆ. ಆಮೇಲೆ ಕಳೆಯುವ ತಿಂಗಳುಗಳಿಗೂ ವರ್ಷಗಳಿಗೂ ಬೆರಳು ಕಾರಣವಲ್ಲ. ಹಾಗಿರುವಾಗ ಅದರ ತಾರೀಖಿನಿಂದ ಮುಂದಕ್ಕೆ ಎಣಿಸುತ್ತಾ ಹೋದರೆ ಏನು ಸಿಕ್ಕೀತು?

ಗಂಡನಿಗೆ ಈ ವಾರ, ಹೆಂಡತಿಗೆ ಮುಂದಿನ ತಿಂಗಳು ದಿನ ಕೊಡುವುದೂ ಉಂಟು. ಇಬ್ಬರದೂ ಬೇರೆ ಬೇರೆ ರಸೀದಿಯ ಬೇರೆ ಬೇರೆ ಅರ್ಜಿ, ಆ ಕೇಂದ್ರದಲ್ಲಿ ಜಾಗ ಖಾಲಿಯಿದ್ದ ಹಾಗೆ ದಿನ ಸಿಗುತ್ತದೆ, ಅಷ್ಟೇ. ಇನ್ನು ಕೆಲವರಿಗೆ, 2025ರ ಡಿಸೆಂಬರ್ ತನಕ, ಕರೆಯೇ ಬರುತ್ತಿರಲಿಲ್ಲ, ‘ಹಿಂದೆ ಕೊಟ್ಟ ಬಯೋಮೆಟ್ರಿಕ್ಸನ್ನೇ ಬಳಸುತ್ತೇವೆ’ ಅಂತ ಕಾಗದ ಬರುತ್ತಿತ್ತು. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ ಎಎಸ್‌ಸಿಗಳು ಬಾಗಿಲು ಹಾಕಿದ ಮೇಲೆ ಈ ಮರುಬಳಕೆ ಜಾಸ್ತಿಯಾಯಿತು. ಕರೆ ಬಂದವರು ಮುಂದೆ, ಬರದವರು ಹಿಂದೆ ಅಂತೇನೂ ಇರಲಿಲ್ಲ.

ಹಾಗಾದರೆ ಬೆರಳಚ್ಚಿನಿಂದ ಏನನ್ನೂ ಊಹಿಸಲು ಆಗುವುದಿಲ್ಲವೇ? ಒಂದನ್ನು ಊಹಿಸಬಹುದು: ಐ-485 ಜೊತೆಗೇ ಹಾಕಿದ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡು. ಆ ಕಾರ್ಡಿನ ಮೇಲೆ ಫೋಟೊ, ಸಹಿ, ಬೆರಳಚ್ಚು ಬೇಕು. ಅವು ಸಿಗದೆ ಕಾರ್ಡು ಮುದ್ರಣಕ್ಕೆ ಹೋಗುವುದಿಲ್ಲ. ಆದ್ದರಿಂದ ಬೆರಳಚ್ಚು ತಡವಾದರೆ ಇಎಡಿಯೂ ತಡ ಅನ್ನುವ ಲೆಕ್ಕ ಸರಿಯಾಗಿ ಕೂರುತ್ತದೆ. ‘ಮೂರು ತಿಂಗಳಲ್ಲಿ ಕಾರ್ಡ್ ಬಂತು’ ಅನ್ನುವವರಲ್ಲಿ ಕೆಲವರಿಗೆ ಬಂದಿರುವುದು ಈ ಕಾರ್ಡು. ಊರಿನಲ್ಲಿ ಕೂತವರ ಕಿವಿಗೆ ‘ಕಾರ್ಡ್’ ಅಂದರೆ ಒಂದೇ ಕಾರ್ಡ್.

ಗ್ರೀನ್ ಕಾರ್ಡಿನ ಬೀಗದ ಕೈ ಇರುವುದು ವೀಸಾ ನಂಬರಿನಲ್ಲಿ, ಅಂದರೆ ವರ್ಷದ ಕೋಟಾದಲ್ಲಿ ಸಿಗುವ ಒಂದು ಜಾಗದಲ್ಲಿ. ಅಮೆರಿಕದ ಪ್ರಜೆಯ ಗಂಡ, ಹೆಂಡತಿ, ತಂದೆತಾಯಿ, 21 ತುಂಬದ ಅವಿವಾಹಿತ ಮಕ್ಕಳು, ಇವರಿಗೆ ಕೋಟಾ ಇಲ್ಲ. ಇವರ ಅರ್ಜಿ ಹಿಂದೆ ಮುಂದೆ ಆಗುವುದು ಅದು ಯಾವ ಫೀಲ್ಡ್ ಆಫೀಸಿನಲ್ಲಿದೆ, ಸಂದರ್ಶನ ಇದೆಯೋ ಇಲ್ಲವೋ ಎಂಬುದರ ಮೇಲೆ. ಇವರಿಗೆ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಜಾಲತಾಣದ ‘ಪ್ರೊಸೆಸಿಂಗ್ ಟೈಮ್ಸ್’ ಪುಟ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕಾಣುವುದು ಕಳೆದ ಆರು ತಿಂಗಳಲ್ಲಿ ಶೇ. 80ರಷ್ಟು ಅರ್ಜಿಗಳು ಎಷ್ಟು ಸಮಯದೊಳಗೆ ಮುಗಿದವು ಎಂಬ ಅಂಕಿ. ಸರಾಸರಿಯಲ್ಲ ಅನ್ನುವುದು ನೆನಪಿರಲಿ. ಐದರಲ್ಲಿ ಒಬ್ಬರಿಗೆ ಅದಕ್ಕಿಂತಲೂ ಹೆಚ್ಚು ಹಿಡಿದಿರುತ್ತದೆ.

ಉದ್ಯೋಗದ ಸಾಲಿನವರಿಗೆ ಆ ಪುಟದಿಂದಲೂ ಹೆಚ್ಚು ತಿಳಿಯುವುದಿಲ್ಲ. ವರ್ಷಕ್ಕೆ ಸುಮಾರು 1,40,000 ಉದ್ಯೋಗ ಗ್ರೀನ್ ಕಾರ್ಡು, ಅದರಲ್ಲಿ ಇಬಿ-2ಕ್ಕೆ ಶೇ. 28.6, ಅದರಲ್ಲೂ ಒಂದು ದೇಶಕ್ಕೆ ಶೇ. 7. ಗುಣಿಸಿದರೆ ಭಾರತದ ಪಾಲಿಗೆ ಸುಮಾರು 2,800. ಮೂರನೇ ವರ್ಗವಾದ ಇಬಿ-3ಕ್ಕೂ ಅಷ್ಟೇ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಸಿಕ್ಕಿದರೆ ಅದು ಮೇಲಿನದು. ಹೆಂಡತಿ ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಒಂದು ಮಗುವಿರುವ ಮನೆಗೆ ಮೂರು ನಂಬರು ಬೇಕು.

ಈ ಸಾಲು ಎಲ್ಲಿಗೆ ಬಂದಿದೆ ಅಂತ ಪ್ರತಿ ತಿಂಗಳ ವೀಸಾ ಬುಲೆಟಿನ್ ಹೇಳುತ್ತದೆ. 2015ರ ಅಕ್ಟೋಬರ್‌ನಿಂದ ಅದರಲ್ಲಿ ಎರಡು ಪಟ್ಟಿ. ‘ಡೇಟ್ಸ್ ಫಾರ್ ಫೈಲಿಂಗ್’ ಅರ್ಜಿ ಹಾಕುವುದಕ್ಕೆ, ‘ಫೈನಲ್ ಆ್ಯಕ್ಷನ್ ಡೇಟ್ಸ್’ ಕಾರ್ಡ್ ಕೊಡುವುದಕ್ಕೆ. ಅರ್ಜಿ ಹಾಕಲು ಯಾವ ಪಟ್ಟಿ ನೋಡಬೇಕು ಎಂಬುದನ್ನು ಯುಎಸ್‌ಸಿಐಎಸ್ ಆಯಾ ತಿಂಗಳು ತಿಳಿಸುತ್ತದೆ. ಮೊದಲ ಪಟ್ಟಿ ಮುಂದಿರುತ್ತದೆ, ಎರಡನೆಯದು ಹಿಂದೆ. ಮೊದಲ ಪಟ್ಟಿಯ ಬಲದಿಂದ ಅರ್ಜಿ ಹಾಕಿದವರಿಗೆ ರಸೀದಿ ಬರುತ್ತದೆ, ಬೆರಳಚ್ಚು ಆಗುತ್ತದೆ, ಇಎಡಿಯೂ ಬರುತ್ತದೆ. ಎಲ್ಲ ಸರಾಗ. ಆಮೇಲೆ ಎರಡನೆಯ ಪಟ್ಟಿ ಇವರ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಜಾಗ ಹಿಡಿದ ದಿನ, ದಾಟುವವರೆಗೆ ಕಾಯುವುದೇ. ಕಟ್-ಆಫ್ ದಿನವೇ ನಿಮ್ಮ ದಿನವಾದರೂ ಸಾಲದು, ಒಂದು ದಿನವಾದರೂ ಮುಂಚಿನದಾಗಿರಬೇಕು.

2020ರ ಅಕ್ಟೋಬರ್‌ನಲ್ಲಿ ಇದೇ ಆಯಿತು. ಇಬಿ-3 ಭಾರತದ ಫೈಲಿಂಗ್ ಪಟ್ಟಿ 2015ರ ಜನವರಿ 1ಕ್ಕೆ ಜಿಗಿಯಿತು, ಫೈನಲ್ ಪಟ್ಟಿ ಮಾತ್ರ 2010ರ ಜನವರಿ 15ರಲ್ಲೇ ಇತ್ತು. 2014ರ ಪ್ರಯಾರಿಟಿ ಡೇಟ್ ಇದ್ದವರು ಮುಗಿಬಿದ್ದು ಅರ್ಜಿ ಹಾಕಿದರು. ಅದರ ಮುಂದಿನ ಎರಡು ವರ್ಷ ಕುಟುಂಬ ಕೋಟಾದಲ್ಲಿ ಉಳಿದದ್ದು ಇತ್ತ ಹರಿದು, ಉದ್ಯೋಗದ ಸಂಖ್ಯೆ 2022ರ ಆರ್ಥಿಕ ವರ್ಷಕ್ಕೆ 2,81,507ರವರೆಗೆ ಏರಿತು. ಆ ಹೊಳೆಯಲ್ಲಿ ಒಂದಷ್ಟು ಜನ ದಡ ಸೇರಿದರು. ಸೇರದವರ ಕಥೆ ಬೇರೆ. 2023ರ ಜೂನ್‌ನಲ್ಲಿ 2012ರ ಜೂನ್ 15 ಇದ್ದ ಇಬಿ-3 ಫೈನಲ್ ದಿನಾಂಕ ಜುಲೈ ಬುಲೆಟಿನ್‌ನಲ್ಲಿ 2009ರ ಜನವರಿ 1ಕ್ಕೆ ಹಿಂದೆ ಸರಿಯಿತು. ಇವರ ಬೆರಳಚ್ಚು ಎಂದೋ ಆಗಿತ್ತು.

ಇಬಿ-2ರದೂ ಇದೇ ಪಾಡು. 2022ರ ಸೆಪ್ಟೆಂಬರ್‌ನಲ್ಲಿ 2014ರ ಡಿಸೆಂಬರ್ 1, ಅಕ್ಟೋಬರ್‌ನಲ್ಲಿ 2012ರ ಏಪ್ರಿಲ್ 1, ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್ 8. ಆ ಸೆಪ್ಟೆಂಬರ್ 6ಕ್ಕೇ ವರ್ಷದ ಇಬಿ-1, ಇಬಿ-2 ನಂಬರುಗಳು ಮುಗಿದಿದ್ದವು. ಪಟ್ಟಿಯ ಪ್ರಕಾರ ದಿನಾಂಕ ಕರೆಂಟ್ ಆಗಿದ್ದರೂ, ಅಂದರೆ ಸರದಿ ಬಂದಿದ್ದರೂ, ಆಮೇಲೆ ಆ ತಿಂಗಳು ಈ ವರ್ಗಗಳಲ್ಲಿ ಯಾರಿಗೂ ಕಾರ್ಡ್ ಇಲ್ಲ. ಅಮೆರಿಕದ ಸರ್ಕಾರಿ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿದು ಅಕ್ಟೋಬರ್ 1ಕ್ಕೆ ಹೊಸದು ಶುರುವಾಗುತ್ತದೆ. ಗೌರಿ-ಗಣೇಶದ ಹೊತ್ತಿಗೆ ನಂಬರು ತಳ ಕಂಡು, ದಸರೆಯ ಆಸುಪಾಸಿಗೆ ಹೊಸ ಲೆಕ್ಕ ತೆರೆಯುತ್ತದೆ ಅಂತ ಇಟ್ಟುಕೊಂಡರೆ ನೆನಪಿಗೆ ಸುಲಭ.

ಇಷ್ಟೆಲ್ಲ ಊಹೆ ಬೆಂಗಳೂರಿನಲ್ಲಿ ಯಾಕೆ ಬೇಕು ಅಂದರೆ, ಮದುವೆಯಾಗದ ಮಗನೋ ಮಗಳೋ ಆ ಸಾಲಿನಲ್ಲಿದ್ದರೆ ಇದು ಬರೀ ಕುತೂಹಲವಲ್ಲ. ಕಾನೂನು ಹೀಗಿದೆ: ಕಾರ್ಡ್ ಮಂಜೂರಾಗುವ ಮುನ್ನ ಮದುವೆಯಾಗಿದ್ದರೆ ಸಂಗಾತಿಗೂ ಅದೇ ಅರ್ಜಿಯ ಜೊತೆ, ಅದೇ ಪ್ರಯಾರಿಟಿ ಡೇಟಿನ ಮೇಲೆ ಹಕ್ಕು. ಆಗ ಆಕೆ ಬೆಂಗಳೂರಿನಲ್ಲೇ ಇದ್ದರೂ ಗಂಡ ಐ-824 ಹಾಕಿ ಹಿಂದಿನಿಂದ ಕರೆಸಿಕೊಳ್ಳಬಹುದು. ಮಂಜೂರಾದ ಮರುದಿನ ತಾಳಿ ಕಟ್ಟಿದರೆ ಆ ಹಕ್ಕು ಇಲ್ಲ. ಹೊಸದಾಗಿ ಸಂಗಾತಿಗಾಗಿ ಐ-130 ಅರ್ಜಿ ಹಾಕಿ ಎಫ್2ಎ, ಅಂದರೆ ಗ್ರೀನ್ ಕಾರ್ಡಿನವರ ಸಂಗಾತಿ-ಮಕ್ಕಳ ಸಾಲಿನಲ್ಲಿ ನಿಲ್ಲಬೇಕು. ಗಂಡ ಎಚ್-1ಬಿ ಬಿಟ್ಟು ಗ್ರೀನ್ ಕಾರ್ಡಿಗೆ ಹೋದ ಮೇಲೆ ಎಚ್-4, ಅಂದರೆ ಎಚ್-1ಬಿಯವರ ಸಂಗಾತಿಯ ವೀಸಾದ ದಾರಿಯೂ ಮುಚ್ಚಿತು.

‘ಎಫ್2ಎ ಕರೆಂಟೇ ಇದೆ, ಏನೂ ತೊಂದರೆಯಿಲ್ಲ’ ಅಂತ ಈಗಲೂ ಹೇಳುವವರಿದ್ದಾರೆ. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಅದು ನಿಜವಾಗಿತ್ತು. 2023ರ ಏಪ್ರಿಲ್ ಬುಲೆಟಿನ್‌ನಲ್ಲಿ ಕಟ್-ಆಫ್ ಬಂತು. ಹಳೆಯ ಸಲಹೆಯನ್ನು ಕೇಳಿ ಕೂತರೆ ಹೊಸ ದಂಪತಿ ಎರಡು ದೇಶದಲ್ಲಿ ಕೂರಬೇಕಾಗುತ್ತದೆ.

ಈಗ ಪಂಚಾಂಗವನ್ನೂ ಬುಲೆಟಿನ್ನನ್ನೂ ಪಕ್ಕಪಕ್ಕ ಇಡಿ. ಆಷಾಢ ಕಳೆದು ಶ್ರಾವಣದಲ್ಲಿ ನಿಶ್ಚಿತಾರ್ಥ. ಪಿತೃಪಕ್ಷದಲ್ಲಿ ಶುಭಕಾರ್ಯವಿಲ್ಲ. ಕಾರ್ತೀಕದಲ್ಲಿ ಮಂಟಪ ಸಿಗಲಿಲ್ಲ, ಆಮೇಲೆ ಧನುರ್ಮಾಸ, ಸರಿ, ಮಾಘದಲ್ಲಿ ಅಂದರೆ ಫೆಬ್ರುವರಿಯಲ್ಲಿ ಮಾಡೋಣ ಅಂತಾಗುತ್ತದೆ. ಅಷ್ಟರಲ್ಲಿ ಹೊಸ ಸರ್ಕಾರಿ ವರ್ಷದ ಮೊದಲ ಬುಲೆಟಿನ್ ಬಂದಿರುತ್ತದೆ. ಹುಡುಗನ ದಿನಾಂಕ ಅದರಲ್ಲಿ ಕರೆಂಟ್ ಆಗಿ, ಕಡತ ಮೊದಲೇ ಪರಿಶೀಲನೆ ಮುಗಿಸಿ ನಂಬರಿಗಾಗಿ ಕಾಯುತ್ತಿದ್ದರೆ, ಅಕ್ಟೋಬರ್ ಮೊದಲ ವಾರದಲ್ಲೇ ಮಂಜೂರಾಗಬಹುದು. ಅದನ್ನು ತಡೆಹಿಡಿಯಿರಿ ಅಂತ ಹೇಳುವ ಫಾರಂ ಯಾವುದೂ ಇಲ್ಲ. ‘ಬೆರಳಚ್ಚು ಮೊನ್ನೆ ಮೊನ್ನೆ ಆಗಿದೆ, ಇನ್ನೂ ಟೈಮಿದೆ’ ಅನ್ನುವ ಧೈರ್ಯವೂ ‘ಬೆರಳಚ್ಚು ಆಗಿ ಮೂರು ವರ್ಷವಾಯ್ತು, ಏನೂ ಆಗಲ್ಲ’ ಅನ್ನುವ ಧೈರ್ಯವೂ ಇಲ್ಲಿ ಒಂದೇ ಥರ ಕೈಕೊಡುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಫೈನಲ್ ಪಟ್ಟಿ ಹುಡುಗನ ದಿನಾಂಕಕ್ಕೆ ಒಂದು ವರ್ಷದಷ್ಟು ಹತ್ತಿರ ಬಂದಿದ್ದರೆ ದೇವಸ್ಥಾನದಲ್ಲಿ ಸರಳವಾಗಿ ಮದುವೆ ಮುಗಿಸಿ, ಆರತಕ್ಷತೆಯನ್ನು ಬೇಕಾದಾಗ ಇಟ್ಟುಕೊಳ್ಳುವುದು ಲೇಸು.

ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯಡಿ ಕಾವೇರಿ 2.0 ಜಾಲತಾಣದ ಮೂಲಕ ಅಥವಾ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ವಿಶೇಷ ವಿವಾಹ ಕಾಯ್ದೆಯಾದರೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಎರಡು ವಾರದ ರಜೆಯಲ್ಲಿ ಬಂದವರಿಗೆ ಅದು ಹೊಂದುವುದಿಲ್ಲ. ಪ್ರಮಾಣಪತ್ರದಲ್ಲಿ ಮದುವೆ ನಡೆದ ದಿನ ಬೇರೆ, ನೋಂದಣಿಯಾದ ದಿನ ಬೇರೆ. ಲೆಕ್ಕಕ್ಕೆ ಬರುವುದು ನಡೆದ ದಿನವೇ ಆದರೂ ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಬಿಟ್ಟು, ಆ ನಡುವೆ ಕಾರ್ಡ್ ಬಂದಿದ್ದರೆ, ಫೋಟೊ, ಆಹ್ವಾನ ಪತ್ರಿಕೆ, ಛತ್ರದ ರಸೀದಿ ಎಲ್ಲ ತೋರಿಸಿ ಒಪ್ಪಿಸಬೇಕಾಗುತ್ತದೆ. ವಧೂವರರ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಬಿಡಿಸಿ ಹಿಂದೆ ಬರೆಯುವ ನಮ್ಮ ಅಭ್ಯಾಸ ಇಲ್ಲಿ ಕಾಟ ಕೊಡುತ್ತದೆ.

ಎರಡನೇ ಬಾರಿ ಬೆರಳಚ್ಚಿಗೆ ಕರೆ ಬಂದರೆ? ಈ ಸುದ್ದಿಗೆ ಜನ ಇನ್ನೂ ಹೆಚ್ಚು ಅರ್ಥ ಹಚ್ಚುತ್ತಾರೆ. ಎಫ್‌ಬಿಐ ಬೆರಳಚ್ಚು ತಪಾಸಣೆಯ ಫಲಿತಾಂಶ 15 ತಿಂಗಳು ಮಾತ್ರ ಊರ್ಜಿತ. ಮಂಜೂರಾತಿಯ ದಿನ ಅದು ಜೀವಂತವಾಗಿರಬೇಕು. 2007ರ ಜುಲೈ-ಆಗಸ್ಟ್‌ನಲ್ಲಿ, ಉದ್ಯೋಗದ ಬಹುತೇಕ ಎಲ್ಲ ದಿನಾಂಕಗಳೂ ಕರೆಂಟ್ ಆಗಿದ್ದಾಗ, ಒಟ್ಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಲ್ಲಿ ಅನೇಕರನ್ನು ಮತ್ತೆ ಕರೆದದ್ದು ಇದಕ್ಕೇ. ಬೆರಳಚ್ಚು ಹಿಡಿದು ಭವಿಷ್ಯ ನೋಡುವ ಚಾಳಿ ಗಟ್ಟಿಯಾದದ್ದೂ ಆಗಲೇ ಅನ್ನಿಸುತ್ತದೆ. ಈಗ ಸಂಗ್ರಹದಲ್ಲಿರುವ ಅಚ್ಚನ್ನೇ ಎಫ್‌ಬಿಐಗೆ ಮತ್ತೆ ಕಳಿಸಿ ಫಲಿತಾಂಶ ಹೊಸದು ಮಾಡಿಕೊಳ್ಳುವ ವ್ಯವಸ್ಥೆ ಇದೆ. ಹಾಗಾಗಿ ಎರಡನೇ ಕರೆ ಬಾರದಿದ್ದರೆ ಕೆಟ್ಟ ಸೂಚನೆಯೇನಲ್ಲ. ಬಂದರೆ, ನಿಮ್ಮ ದಿನಾಂಕ ಫೈನಲ್ ಪಟ್ಟಿಯಲ್ಲೂ ಕರೆಂಟ್ ಆಗಿದ್ದರೆ ಮಾತ್ರ, ಯಾರೋ ಕಡತ ತೆರೆದಿರಬಹುದು ಎನ್ನುವಷ್ಟು ಬೆಲೆ ಕೊಡಬಹುದು. ಕರೆಂಟ್ ಇಲ್ಲದವರಿಗೆ ಅದು ನವೀಕರಣ ಅಷ್ಟೇ.

ಇದಕ್ಕಿಂತ ಗಟ್ಟಿಯಾದ ಸೂಚನೆ ಹಿಂದೆ ಒಂದಿತ್ತು: ವೈದ್ಯಕೀಯ ಪರೀಕ್ಷೆಯ ಐ-693 ಕಳಿಸಿ ಎಂಬ ಆರ್‌ಎಫ್‌ಇ, ಅಂದರೆ ಹೆಚ್ಚಿನ ದಾಖಲೆ ಕೇಳುವ ಪತ್ರ. ಅಧಿಕಾರಿ ಕಡತ ಓದಿ, ಇದೊಂದು ಬಿಟ್ಟು ಉಳಿದದ್ದು ಸರಿಯಿದೆ ಅಂದಾಗ ಅದು ಬರುತ್ತಿತ್ತು. 2024ರ ಡಿಸೆಂಬರ್ 2ರಿಂದ ಐ-693 ಅನ್ನು ಐ-485 ಜೊತೆಗೇ ಕೊಡಬೇಕೆಂದು ಮಾಡಿದ ಮೇಲೆ ಹೊಸ ಅರ್ಜಿದಾರರಿಗೆ ಆ ಸುಳಿವೂ ಹೋಯಿತು. ಆದ್ದರಿಂದ ಮಗನಿಗೆ ಫೋನ್ ಮಾಡಿದಾಗ ಬೆರಳಚ್ಚು ಯಾವತ್ತು ಅಂತ ಕೇಳುವ ಬದಲು, ವರ್ಗ ಯಾವುದು, ಪ್ರಯಾರಿಟಿ ಡೇಟ್ ಏನು ಅಂತ ಕೇಳಿ. ಪ್ರಯಾರಿಟಿ ಡೇಟ್ ಕಂಪನಿ ಹಾಕಿದ ಐ-140 ಅರ್ಜಿಯ ಮಂಜೂರಾತಿ ಪತ್ರದ ಮೇಲೆ ಮುದ್ರಿತವಾಗಿರುತ್ತದೆ. ಪರ್ಮ್, ಅಂದರೆ ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಯಿಂದ ಪಡೆಯುವ ದೃಢೀಕರಣದ ಮೂಲಕ ಹೋದ ಇಬಿ-2, ಇಬಿ-3 ಅರ್ಜಿಗಳಿಗೆ ಅದು ಪರ್ಮ್ ಹಾಕಿದ ದಿನ. ಅದನ್ನು ಬುಲೆಟಿನ್‌ನ ‘ಇಂಡಿಯಾ’ ಕಾಲಂ ಪಕ್ಕ ಇಟ್ಟು ನೀವೇ ನೋಡಬಹುದು.

ಬೆರಳಿನ ತೊಂದರೆಯೇ ಬೇರೆ. ನ್ಯಾಯಬೆಲೆ ಅಂಗಡಿಯಲ್ಲಿ ಥಂಬ್ ತಗೊಳ್ಳದೆ ವಾಪಸು ಬಂದವರಿಗೆ ಇದು ಗೊತ್ತು. ವಯಸ್ಸಾದವರ, ಪಾತ್ರೆ-ಬಟ್ಟೆಯ ಸೋಪಿನಲ್ಲಿ ಕೈ ಸವೆದವರ ರೇಖೆಗಳು ಎಫ್‌ಬಿಐ ಓದುವಷ್ಟು ಸ್ಪಷ್ಟ ಬರದಿದ್ದರೆ ಮತ್ತೆ ಕರೆಯುತ್ತಾರೆ. ಹೀಗೆ ಬಂದ ಎರಡನೇ ನೋಟಿಸನ್ನು ‘ಫೈಲ್ ಮೂವ್ ಆಗ್ತಿದೆ’ ಅಂತ ಓದಿಕೊಳ್ಳುವವರೂ ಇದ್ದಾರೆ! ಹೋಗುವ ಮುನ್ನ ಕೆಲವು ದಿನ ಕೈಗೆ ಎಣ್ಣೆಯೋ ಕ್ರೀಮೋ ಹಚ್ಚಿ ಚರ್ಮ ಮೆತ್ತಗಿಡಿ, ಆ ದಿನ ಒರೆಸಿಕೊಂಡು ಹೋಗಿ. ಬೆರಳ ತುದಿಗೆ ಮೆಹೆಂದಿ ಬೇಡ.

ಬೆಂಗಳೂರಿನಲ್ಲೇ ಕೂತು ಅರ್ಜಿ ಹಾಕಿದ ತಂದೆತಾಯಿಗೆ ಈ ಎಎಸ್‌ಸಿ ಪ್ರಸಂಗವೇ ಇಲ್ಲ. 2025ರ ಜನವರಿಯಲ್ಲಿ ಇಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು ನಿಜ, ಆದರೆ ಈ ವೀಸಾಕ್ಕೆ ಸಂದರ್ಶನ ಮುಂಬೈಯಲ್ಲಿ. ಅಲ್ಲಿ ಬೆರಳಚ್ಚು ಕೊಡುವುದು ಸಂದರ್ಶನದ ಜೊತೆಗೇ ಬರುವ ಹೆಜ್ಜೆ. ಅದರಿಂದ ತಿಂಗಳು ಎಣಿಸುವ ಪ್ರಮೇಯ ಬರುವುದಿಲ್ಲ.

ಕೊನೆಗೆ, ಬೆರಳಚ್ಚಿನ ದಿನ ಗೊತ್ತಾಗಿರುವಾಗ ಊರಿನಿಂದ ತುರ್ತು ಕರೆ ಹೋದರೆ ಏನು ಮಾಡಬೇಕು ಎಂಬುದು. ಸುಮ್ಮನೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಎಂದು ತಿರಸ್ಕರಿಸಬಹುದು. ದಿನ ಬದಲಿಸಲು 2023ರ ಜುಲೈಯಿಂದ ಯುಎಸ್‌ಸಿಐಎಸ್ ಆನ್‌ಲೈನ್ ಖಾತೆಯಲ್ಲೇ ಸೌಲಭ್ಯವಿದೆ. ಸರಿಯಾದ ಕಾರಣ ಕೊಡಬೇಕು, ನಿಗದಿಯಾದ ಸಮಯಕ್ಕೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಅಲ್ಲಿ ಆಗುವುದಿಲ್ಲ, ಆಗಲೇ ಎರಡು ಸಲ ಬದಲಿಸಿದವರಿಗೂ ಆಗುವುದಿಲ್ಲ. ವಿಮಾನ ಹತ್ತುವ ಮುನ್ನ ಇನ್ನೊಂದು ವಿಷಯ. ಐ-485 ಬಾಕಿಯಿರುವಾಗ ಅಡ್ವಾನ್ಸ್ ಪರೋಲ್, ಅಂದರೆ ಮರಳಿ ಬರಲು ಮುಂಗಡ ಅನುಮತಿ, ಇಲ್ಲದೆ ಅಮೆರಿಕ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಎಚ್-1ಬಿ, ಎಲ್-1 ಮತ್ತು ಅವರ ಅವಲಂಬಿತರಂಥ ಕೆಲವರಿಗೆ ಮಾತ್ರ ವಿನಾಯಿತಿ, ಅದೂ ಅದೇ ವೀಸಾದ ಮೇಲೆ ಮರಳಿದರೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿಂಗಿನ ಅವಧಿ ಮುಗಿದಿದ್ದರೆ ಈಗ ಬಹಳ ಯೋಚಿಸಬೇಕು. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾದಾಗ ಭಾರತದಲ್ಲಿ ಅನೇಕರ ಸಂದರ್ಶನಗಳನ್ನು ತಿಂಗಳುಗಟ್ಟಲೆ ಮುಂದೂಡಿದರು, ಎರಡು ವಾರಕ್ಕೆಂದು ಬಂದವರು ಇಲ್ಲೇ ಉಳಿಯಬೇಕಾಯಿತು. ಅಡ್ವಾನ್ಸ್ ಪರೋಲ್ ಕೈಯಲ್ಲಿದ್ದರೆ ಸ್ಟ್ಯಾಂಪಿಂಗ್ ಇಲ್ಲದೆಯೂ ಮರಳಬಹುದು. ಕೈಗೆ ಬರುವ ಮೊದಲೇ ಹೊರಟರೆ ಆ ಪರೋಲ್ ಅರ್ಜಿ ರದ್ದಾಗುತ್ತದೆ, ಮರಳಿ ಹೋಗಿ ಹೊಸದಾಗಿ ಐ-131 ಹಾಕಬೇಕು.